ಹರಕೆಯ ಎರಡು ಹೆರಳು

ಆಷಾಢದ ಜಿಟಿಜಿಟಿ ಮಳೆ ಹಿಡಿದು ಒಂಬತ್ತನೆಯ ದಿನ, ಬೆಳಗಿನ ಆರೂವರೆ ಹೊತ್ತು. ಸಪ್ತಾಪುರದ ಓಣಿಯಲ್ಲಿ ಕೋಚಿಂಗಿಗೆ ಹೋಗುವ ಹುಡುಗರ ಗಾಡಿಗಳು ಆಗಲೇ ಕೆಸರು ಹಾರಿಸುತ್ತ ಓಡಾಡುತ್ತಿದ್ದವು. ಅಡುಗೆಮನೆಯ ಗೋಡೆಗೆ ಒರಗಿ ಅಬೀದಾ ಚಾಪೆಯ ಮೇಲೆ ಕುಳಿತಿದ್ದಳು. ಬಲಗಣ್ಣಿನ ಪೊರೆ ತೆಗೆಸಿ ನಾಲ್ಕು ದಿನವಾಗಿತ್ತು. ಕರಿ ಕನ್ನಡಕ ಹಾಕಿಕೊಂಡು, ಚಹಾದ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಮೊಮ್ಮಗಳು ಮಹೆಕ ಹಾಸಿಗೆಯಿಂದ ಎದ್ದು ಬಂದು, ಮಾತಿಲ್ಲದೆ ಅವಳ ತೊಡೆಯ ಮೇಲೆ ತಲೆ ಇಟ್ಟು ಮತ್ತೆ ಕಣ್ಣು ಮುಚ್ಚಿದಳು.

ಆ ತಲೆಯಿಂದ ಬಂದ ವಾಸನೆಗೆ ಅಬೀದಾ ಕಪ್ಪನ್ನು ಕೆಳಗಿಟ್ಟಳು. ಹಳಸಿದ ಎಣ್ಣೆ, ಮಳೆಗಾಲದಲ್ಲಿ ಒಣಗದ ಅರಿವೆ, ಅದರ ಕೆಳಗೆ ಇನ್ನೊಂದು ಹುಳಿ ವಾಸನೆ, ಹುಣ್ಣಿನದು. ಮೇಲಿಂದ ನೋಡಿದರೆ ಕೂದಲು ಎಣ್ಣೆ ಕುಡಿದು ಮಿರಿಮಿರಿ ಮಿಂಚುತ್ತಿತ್ತು; ಒತ್ತಿ ಹಿಂದಕ್ಕೆ ಎಳೆದು ಕೆಂಪು ರಿಬ್ಬನ್ನಿನಿಂದ ಕಟ್ಟಿತ್ತು. ಅಬೀದಾ ಬೆರಳುಗಳನ್ನು ಕತ್ತಿನ ಕಡೆಯಿಂದ ಒಳಗೆ ಬಿಡಲು ಹೋದಳು. ಬೆರಳು ಹೋಗಲಿಲ್ಲ. ಅಲ್ಲಿ ಕೂದಲೇ ಇರಲಿಲ್ಲ, ನೆನೆದ ಕಂಬಳಿಯಂಥದೊಂದು ಗಡ್ಡೆಯಿತ್ತು, ಅಂಗೈ ತುಂಬುವಷ್ಟು ದಪ್ಪ. ಅದನ್ನು ಒತ್ತಿದ ಕೂಡಲೇ ಹುಡುಗಿ ನಿದ್ದೆಗಣ್ಣಲ್ಲೇ ನರಳಿದಳು. ಅಬೀದಾಳ ಬೆರಳಿನ ಮೇಲೆ ಏನೋ ಸರಿದು ಹೋಯಿತು. ಕೈ ತೆಗೆದು ಸೀರೆಗೆ ಒರೆಸಿಕೊಂಡಳು. ಒರೆಸಿದ ಮೇಲೂ ಏನೋ ಸರಿದಾಡುತ್ತಿರುವಂತೆಯೇ ಇತ್ತು.

ಆಕೆ ಗರಗದವಳು. ಹಿರಿಯ ಮಗ ಗೌಸಮೊದ್ದೀನನ ಸಂಸಾರದೊಡನೆ ಅಲ್ಲೇ ಇರುವವಳು. ಹತ್ತೊಂಬತ್ತನೆಯ ವಯಸ್ಸಿನಿಂದ ಖಾದಿ ಕೇಂದ್ರದಲ್ಲಿ ರಾಟಿಯ ಮುಂದೆ ಕುಳಿತು ನೂಲು ತೆಗೆದು ಐವತ್ತು ವರ್ಷ ಕಳೆದವಳು. ಕಣ್ಣಿನ ಆಪರೇಶನ್ನಿಗೆಂದು ಕಿರಿಯ ಮಗ ಜುಲ್ಫಿಕಾರ ಧಾರವಾಡಕ್ಕೆ ಕರೆತಂದಿದ್ದ. ಹದಿನೈದು ದಿನ ಇದ್ದು ಹೋಗುವುದೆಂದು ಮಾತಾಗಿತ್ತು. ಮನೆ ಜುಲ್ಫಿಕಾರನದಲ್ಲ, ಅವನ ಅತ್ತೆ ಮೈಮುನಾಳದು. ಕೆಳಗೆ ಎರಡು ಖೋಲಿ ಇವರಿಗೆ, ಮೇಲಿನವು ಓದುವ ಹುಡುಗರಿಗೆ ಬಾಡಿಗೆ. ಓಣಿಯ ಕೊನೆಗೆ ಜುಲ್ಫಿಕಾರನ ಗಾಡಿ ರಿಪೇರಿಯ ಗ್ಯಾರೇಜು. ಅವನ ಹೆಂಡತಿ ರುಕ್ಸಾನಾ ಎರಡು ಓಣಿ ಆಚೆಯ ಹುಡುಗಿಯರ ಪೀಜಿಯಲ್ಲಿ ಅಡುಗೆ ಮಾಡುತ್ತಿದ್ದಳು. ಬೆಳಗಿನ ಐದಕ್ಕೆ ಹೋದರೆ ಹತ್ತಕ್ಕೆ ಬರುವುದು, ಮತ್ತೆ ನಾಲ್ಕಕ್ಕೆ ಹೋದರೆ ರಾತ್ರಿ ಎಂಟಕ್ಕೆ. ಹೀಗಾಗಿ ಹುಡುಗಿಯ ತಲೆ ಪೂರ್ತಿ ಮೈಮುನಾಳ ಕೈಗೆ ಬಿದ್ದಿತ್ತು.

ಆ ತಲೆಗೆ ಹುಟ್ಟಿದಾಗಿನಿಂದ ಕತ್ತರಿ ಸೋಕಿರಲಿಲ್ಲ. ಹುಟ್ಟಿದ ಇಪ್ಪತ್ತನೆಯ ದಿನಕ್ಕೆ ಮಹೆಕಳಿಗೆ ಎದೆ ಹಿಡಿದು, ದವಾಖಾನೆಯಲ್ಲಿ ಹನ್ನೊಂದು ದಿನ ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದರು. ಹನ್ನೊಂದು ದಿನವೂ ಮೈಮುನಾ ಬಾಗಿಲ ಹೊರಗೆ ನೆಲದ ಮೇಲೆ ಕುಳಿತಿದ್ದಳು. ಅದನ್ನು ಅಬೀದಾ ಕಣ್ಣಾರೆ ನೋಡಿದವಳು, ಮರೆತಿಲ್ಲ. ಆಗಲೇ ಮೈಮುನಾ ತನ್ನ ತವರೂರಿನ ಕೆರೆದಂಡೆಯ ಪೀರನಿಗೆ ಬೇಡಿಕೊಂಡಳು: ಮಗು ಉಳಿದರೆ ಏಳು ತುಂಬುವವರೆಗೆ ಕೂದಲು ಪೀರನವು, ಏಳನೆಯ ವರ್ಷದ ಉರುಸಿನಲ್ಲಿ ದರ್ಗಾದ ಅಂಗಳದಲ್ಲೇ ತೆಗೆಸಿ ಕೆರೆಗೆ ಬಿಡುತ್ತೇನೆ, ಅಲ್ಲಿಯವರೆಗೆ ಉದುರಿದ ಒಂದೆಳೆಯನ್ನೂ ಒಗೆಯುವುದಿಲ್ಲ. ಉದುರಿದ್ದನ್ನೆಲ್ಲ ಹಸಿರು ಬಟ್ಟೆಯಲ್ಲಿ ಗಂಟು ಕಟ್ಟಿ ತನ್ನ ಟ್ರಂಕಿನಲ್ಲಿಡುತ್ತಿದ್ದಳು.

ಮಗು ಸಣ್ಣದಿದ್ದಾಗ ಇದು ನಡೆಯಿತು. ಬೆಳೆಯುತ್ತ ಬೆಳೆಯುತ್ತ ಕೂದಲು ಗುಂಗುರಾಗಿ, ದಟ್ಟವಾಗಿ ಬಂತು. ಬಾಚಿದರೆ ಹಿಡಿಗಟ್ಟಲೆ ಕಿತ್ತು ಬರತೊಡಗಿತು. ಪೀರನ ಪಾಲು ಹೀಗೆ ದಿನಾ ಉದುರುವುದನ್ನು ಕಂಡು ಮೈಮುನಾಳಿಗೆ ಹೆದರಿಕೆಯಾಯಿತು. ಬಾಚಿದರೆ ತಾನೇ ಉದುರುವುದು ಎಂದು ಬಾಚುವುದನ್ನೇ ಬಿಟ್ಟಳು. ಮೇಲೆ ಎಣ್ಣೆ ಸುರಿದು, ಅಂಗೈಯಿಂದ ಒತ್ತಿ, ರಿಬ್ಬನ್ನು ಕಟ್ಟಿ ಸಾಲಿಗೆ ಕಳಿಸುವಳು. ಕಳೆದ ದೀಪಾವಳಿ ರಜೆಯಿಂದ ಈಚೆ ಆ ಕತ್ತಿನ ಮೇಲೆ ಹಣಿಗೆ ಆಡಿರಲಿಲ್ಲ.

ಆ ಭಾನುವಾರ ಎಲ್ಲರೂ ಒಟ್ಟಿಗೆ ಊಟಕ್ಕೆ ಕುಳಿತಿದ್ದರು. ಜೋಳದ ರೊಟ್ಟಿ, ಪುಂಡಿಪಲ್ಲೆ, ಬೇಳೆಸಾರು. ಜುಲ್ಫಿಕಾರ ಎರಡನೆಯ ತುತ್ತು ಬಾಯಿಗಿಟ್ಟವನು ಅಗಿಯುವುದನ್ನು ನಿಲ್ಲಿಸಿದ. ಬಾಯಿಯಿಂದ ಒಂದು ಎಳೆ ಹಿಡಿದು ಎಳೆದ. ಎಳೆದಷ್ಟೂ ಬಂತು. ಪಲ್ಲೆ ಹತ್ತಿದ ಆ ಸುರುಳಿ ಕೂದಲು ಬೆಳಕಿಗೆ ಹಿಡಿದರೆ ಮೊಳಕ್ಕಿಂತ ಉದ್ದವಿತ್ತು. ಅದನ್ನು ತಾಟಿನ ಅಂಚಿಗೆ ಒರೆಸಿ, ನೀರು ಕುಡಿದು, ಮತ್ತೆ ರೊಟ್ಟಿ ಮುರಿದ. ಅವನು ಮಾತಾಡುವವನಲ್ಲ, ಅತ್ತೆಯ ಮನೆಯಲ್ಲಿ ಇನ್ನೂ ಕಡಿಮೆ.

ಮಾತಾಡಿದವಳು ರುಕ್ಸಾನಾ. "ನಿನ್ನೆ ಪೀಜಿಯಾಗ ಸಾಂಬಾರದಾಗೂ ಹಿಂಥಾದ ಒಂದು ಸಿಕ್ಕೇತಿ. ನನ್ನ ಅರಿವಿಗೆ ಹತ್ತಿಕೊಂಡು ಹೋಗಿರಬೇಕು. ಆ ಹುಡಿಗಿ ಉಣ್ಣೂದು ಬಿಟ್ಟು ಬಚ್ಚಲಕ್ಕ ಓಡಿದ್ಲು. ಇನ್ನೊಮ್ಮೆ ಸಿಕ್ಕರ ಬರಬ್ಯಾಡ ಅಂದಾರ ಮಾಲಕ್ರು."

ಮೈಮುನಾ ಕೈ ಚಾಚಿ ಅಳಿಯನ ತಾಟಿನ ಅಂಚಿನಿಂದ ಆ ಎಂಜಲು ಕೂದಲನ್ನು ಎರಡು ಬೆರಳಲ್ಲಿ ಎತ್ತಿದಳು. ಪಲ್ಲೆಯನ್ನು ಸೆರಗಿಗೆ ಒರೆಸಿ, ಕೂದಲನ್ನು ಸೆರಗಿನ ತುದಿಗೇ ಸಣ್ಣಗೆ ಗಂಟು ಕಟ್ಟಿಕೊಂಡಳು. ಅದೇ ಕೈಯಿಂದ ಮುಂದಿನ ತುತ್ತು ಕಲೆಸಿದಳು. ಅಬೀದಾ ತನ್ನ ರೊಟ್ಟಿಯನ್ನು ಮಡಚಿ ತಾಟಿನಲ್ಲೇ ಬಿಟ್ಟಳು.

ಮರುದಿನ ಸಾಲಿಯ ಡೈರಿಯಲ್ಲಿ ಕಲಿಸುವ ಬಾಯಿಯವರು ಬರೆದು ಕಳಿಸಿದರು. ತಲೆಯಿಂದ ಹೇನು ಬೇರೆ ಮಕ್ಕಳಿಗೆ ಹತ್ತಿವೆ, ವಾಸನೆಗೆ ಯಾರೂ ಬಳಿ ಕೂಡುತ್ತಿಲ್ಲ, ಸ್ವಚ್ಛ ಮಾಡಿಸಬೇಕು, ಇಲ್ಲವೇ ಕೂದಲು ತೆಗೆಸಬೇಕು ಎಂದು. ಅಲ್ಲಿಯವರೆಗೆ ಹುಡುಗಿಯನ್ನು ಬಾಗಿಲ ಹತ್ತಿರ ಬೇರೆ ಒಂದು ಗೋಣಿತಟ್ಟಿನ ಮೇಲೆ ಕೂಡಿಸುವರಂತೆ. ಇದನ್ನು ಮಹೆಕಳೇ ಹೇಳಿದಳು, ಚೆನ್ನಾಗಿದೆ, ಅಲ್ಲಿ ಗಾಳಿ ಬರುತ್ತದೆ ಎಂದಳು. ರುಕ್ಸಾನಾ ಡೈರಿ ಕೆಳಗಿಟ್ಟು ಎದ್ದು ಹೋಗಿ ಕತ್ತರಿ ತಂದಳು.

ಮೈಮುನಾ ಹುಡುಗಿಯನ್ನು ಎಳೆದು ತನ್ನ ಎದೆಗೆ ಒತ್ತಿಕೊಂಡಳು. "ಹಚ್ಚು ಕತ್ರಿ, ನೋಡೂಣು. ಇಕಿ ಗಾಜಿನ ಪೆಟಿಗ್ಯಾಗ ಇದ್ದಾಗ ಬೇಡಿಕೊಂಡಾಕಿ ನಾನು, ನೀ ಅಲ್ಲ. ಇನ್ನ ಎಂಬತ್ತ ದಿನಾ ಐತಿ ಉರುಸಿಗೆ. ಅದರಾಗ ಹುಡಿಗಿಗೆ ಏನರ ಆದ್ರ ನಿನ್ನ ಕೊಳ್ಳಿಗೆ ಬರ್ತೈತಿ."

ರುಕ್ಸಾನಾ ಕತ್ತರಿ ಹಿಡಿದೇ ನಿಂತಳು. ಮುಂದೆಯೂ ಹೋಗಲಿಲ್ಲ, ಹಿಂದೆಯೂ ಬರಲಿಲ್ಲ. ತಾಯಿಯ ಮಾತು ಸುಳ್ಳೆನ್ನುವ ಧೈರ್ಯ ಅವಳಿಗಿರಲಿಲ್ಲ, ಆ ಹನ್ನೊಂದು ದಿನದ ನೆನಪು ಅವಳಿಗೂ ಇತ್ತು.

ಆಗ ಅಬೀದಾ ಗೋಡೆಯ ಕಡೆಯಿಂದ ಹೇಳಿದಳು. "ಕತ್ರಿ ಬ್ಯಾಡ. ನಾ ಬಿಡಸ್ತೇನಿ ಸಿಕ್ಕು."

ಮೈಮುನಾ ನಕ್ಕಳು. "ಬೀಗತಿ, ನಿಮಗ ಇರೂದು ಒಂದು ಕಣ್ಣು. ಅದು ನೂಲಲ್ಲರಿ, ಕೂದಲಾ."

"ಸಿಕ್ಕು ಕಣ್ಣಲೆ ಬಿಡಸೂದಲ್ಲರಿ," ಎಂದಳು ಅಬೀದಾ. "ಹರಕಿನೂ ಉಳೀಲಿ, ಹುಡಿಗಿ ತಲಿನೂ ಉಳೀಲಿ. ಉದುರಿದ್ದನ್ನ ಒಂದೂ ಒಗಿಯೂದಿಲ್ಲ, ನಿಮ್ಮ ಕೈಯಾಗ ಕೊಡ್ತೇನಿ."

ರುಕ್ಸಾನಾ ಅತ್ತೆಯ ಮುಖ ನೋಡಿದಳು. "ಒಂದ ತಿಂಗಳಾ ನೋಡ್ತೇನಿ ಅತ್ತಿ. ಅಷ್ಟರಾಗ ಹಣಗಿ ಆಡಲಿಲ್ಲಂದ್ರ ಪೀರನ ಹೆಸರು ಹೇಳಿದ್ರೂ ಕೇಳೂದಿಲ್ಲ, ನಾನ ಬೋಳಸ್ತೇನಿ."

ಜುಲ್ಫಿಕಾರ ಸಾಲಿಗೆ ಹೋಗಿ ಬಾಯಿಯವರ ಹತ್ತಿರ ಒಂದು ತಿಂಗಳ ಅವಧಿ ಕೇಳಿಕೊಂಡು ಬಂದ.

ಮರುದಿನದಿಂದ ಕೆಲಸ ಶುರುವಾಯಿತು. ಸಾಲಿ ಬಿಟ್ಟು ಬಂದ ಹುಡುಗಿಗೆ ಚಹಾದಲ್ಲಿ ಟೋಸ್ಟು ಅದ್ದಿ ತಿನ್ನಿಸಿ, ಹಿಂದಿನ ಕಟ್ಟೆಯ ಮೇಲೆ ಬೆಳಕಿಗೆ ಬೆನ್ನು ಮಾಡಿ ಕೂಡಿಸುವುದು. ಬೆಚ್ಚಗಿನ ಕೊಬ್ಬರಿ ಎಣ್ಣೆಯನ್ನು ಗಡ್ಡೆಗೆ ಹನಿಹನಿಯಾಗಿ ಕುಡಿಸುವುದು. ಹುಡುಗಿಯ ಮುಂದೆ ಒಂದು ಬಿಳಿ ತಾಟು. ಮೊದಲ ವಾರವೆಲ್ಲ ಆ ತಾಟಿನಲ್ಲಿ ಹೇನು ಹರಿದಾಡಿದವು. ಎಣ್ಣೆಗೆ ಉಸಿರು ಕಟ್ಟಿ ಒಂದೊಂದೇ ಹೊರಗೆ ಬಂದು ಬೀಳುತ್ತಿದ್ದವು, ಕೆಲವು ರಕ್ತ ಕುಡಿದು ಎಳ್ಳಿನಷ್ಟು ದಪ್ಪ. ಸೀರುಗಳಂತೂ ಕೂದಲಿಗೆ ರವೆ ಅಂಟಿದಂತೆ ಅಂಟಿದ್ದವು. ಗಡ್ಡೆಯ ಒಳಗಿನಿಂದ ಏನೇನು ಬಂತು ಎಂದರೆ ಹೇಳಲು ನಾಲಿಗೆ ಹಿಂಜರಿಯುತ್ತದೆ: ಒಣಗಿದ ಅನ್ನದ ಅಗುಳು, ಚಾಕಲೇಟಿನ ಕಾಗದದ ಚೂರು, ತುಕ್ಕು ಹಿಡಿದ ಒಂದು ಪಿನ್ನು, ಕೀವು ಒಣಗಿ ಗಟ್ಟಿಯಾದ ಹಕ್ಕಳೆ. ಎಂಟು ತಿಂಗಳ ದಿನಗಳೆಲ್ಲ ಅಲ್ಲಿ ಕೊಳೆಯುತ್ತ ಕುಳಿತಿದ್ದವು. ಸಂಜೆ ಕೈ ಎಷ್ಟು ತೊಳೆದರೂ ವಾಸನೆ ಹೋಗುತ್ತಿರಲಿಲ್ಲ. ಅಬೀದಾ ಎಷ್ಟೋ ದಿನ ರಾತ್ರಿಯ ಊಟಕ್ಕೆ ಚಮಚ ಬೇಡಿ ತೆಗೆದುಕೊಂಡಳು. ಜೀವಮಾನದಲ್ಲಿ ಮೊದಲ ಸಲ.

ಸಿಕ್ಕು ಬಿಡಿಸುವ ದಾರಿ ಅವಳಿಗೆ ಗೊತ್ತಿತ್ತು. ಹಿಂದೊಮ್ಮೆ ಕೇಂದ್ರದ ಮಾಡು ಸೋರಿ, ನೂಲಿನ ಲಡಿಗಳೆಲ್ಲ ನೆನೆದು ಒಂದಕ್ಕೊಂದು ಗಂಟು ಬಿದ್ದಾಗ, ಸುಡಬೇಕೆಂದು ಹೊರಗೆ ಹಾಕಿದ್ದರು. ಅದನ್ನು ಇವಳು ಮನೆಗೆ ತಂದು ಎರಡು ತಿಂಗಳು ಕುಳಿತು ಬಿಡಿಸಿಕೊಟ್ಟಿದ್ದಳು. ಬುಡದಿಂದ ಎಳೆಯಬಾರದು. ತುದಿಯಿಂದ ಹಿಡಿಯಬೇಕು. ಒಂದು ಎಳೆ ಸಡಿಲಾದರೆ ಅದನ್ನು ಬೇರೆ ಮಾಡಿ, ಆಚೆ ಕಟ್ಟಿ, ಮತ್ತೊಂದಕ್ಕೆ ಕೈ ಹಾಕಬೇಕು. ಗೌಸಮೊದ್ದೀನನಿಗೆ ಫೋನು ಮಾಡಿಸಿ, ಬಸ್ಸಿನ ಕಂಡಕ್ಟರನ ಕೈಯಲ್ಲಿ ತನ್ನ ಹಳೆಯ ರಾಟಿಯ ಕದಿರು, ನೂಲು ಸುತ್ತಿಕೊಳ್ಳುವ ಕಬ್ಬಿಣದ ಕಡ್ಡಿ, ತರಿಸಿಕೊಂಡಳು. ಅದರ ಮೊಂಡು ತುದಿಯನ್ನು ಗಂಟಿನ ಕಣ್ಣಿಗೆ ತೂರಿಸಿ ಮೆಲ್ಲಗೆ ಅಲುಗಿಸುವಳು. ಪೀಜಿಯ ಹುಡುಗಿಯೊಬ್ಬಳು ತಳದಲ್ಲಿ ಉಳಿದ ಕಂಡೀಶನರಿನ ಬಾಟಲಿ ಕೊಟ್ಟಿದ್ದಳು, ಅದೂ ಕೆಲಸಕ್ಕೆ ಬಂತು.

ನೋಯಬಾರದೆಂದು ಅಬೀದಾ ಹುಡುಗಿಯನ್ನು ಮಾತಿಗೆ ಹಚ್ಚುವಳು. ಬರಬರುತ್ತ ಹುಡುಗಿಯೇ ಅಜ್ಜಿಯನ್ನು ಮಾತಿಗೆ ಹಚ್ಚತೊಡಗಿದಳು.

"ದಾದಿಮಾ, ಹೇನಿಗೂ ಮನಿ ಇರ್ತಾವೇನು?"

"ಇದ್ದುವು. ಇವತ್ತ ಒಂದು ಓಣಿ ಖಾಲಿ ಆತು."

"ಬಾಡಿಗಿ ಕೊಡ್ತಿದ್ದುವೇನು, ಮ್ಯಾಲಿನ ಅಣ್ಣಾರಂಗ?"

"ಎಲ್ಲಿ ಬಾಡಿಗಿ. ಊಟಾನೂ ನಿಂದ ಮಾಡ್ತಿದ್ದುವು."

ದಿನಕ್ಕೆ ಎರಡು ಬೆರಳಿನಷ್ಟು ಬಿಡಿಸಿದರೆ ಅಂದಿನದು ಮುಗಿದಂತೆ. ಕಿತ್ತು ಬಂದದ್ದನ್ನೆಲ್ಲ ಬುಡ ಒಂದು ಕಡೆ, ತುದಿ ಒಂದು ಕಡೆ ಮಾಡಿ ಸುತ್ತಿ ಮೈಮುನಾಳ ಕೈಗಿಡುವಳು. ನೂಲುವವಳ ರೂಢಿ, ಹಾಗೆ ಜೋಡಿಸದೆ ಅವಳಿಗೆ ಬರುತ್ತಿರಲಿಲ್ಲ. ಮೈಮುನಾ ಅದನ್ನು ಕಣ್ಣಿಗೆ ಒತ್ತಿಕೊಂಡು ಒಳಗೆ ಒಯ್ಯುವಳು.

ಗುರುವಾರಕ್ಕೊಮ್ಮೆ ಹುಚ್ಚಪ್ಪ ಎನ್ನುವವನು ಮೊಪೆಡ್ಡಿಗೆ ಸ್ಟೀಲಿನ ಪಾತ್ರೆಗಳನ್ನು ತೂಗುಬಿಟ್ಟುಕೊಂಡು ಓಣಿಗೆ ಬರುತ್ತಿದ್ದ. ಹೆಂಗಸರು ಬಾಚಿ ಕೂಡಿಟ್ಟ ಕೂದಲು ತೂಗಿ ತೆಗೆದುಕೊಂಡು ಅದಕ್ಕೆ ತಕ್ಕ ಭಾಂಡೆ ಕೊಡುವ ವ್ಯಾಪಾರ ಅವನದು. ಒಂದು ಗುರುವಾರ ಮಳೆಗೆ ಇವರ ಕಟ್ಟೆಯ ಬದಿಗೆ ನಿಂತವನು ಮಹೆಕಳ ತಲೆ ನೋಡಿದ. ಇದಕ್ಕೇನು ಬರುತ್ತದೆ ಎಂದು ಮೈಮುನಾ ನಗುತ್ತ ಕೇಳಿದಳು. ಅವನೂ ನಗುತ್ತಲೇ ಹೇಳಿದ: "ಗಂಟಿಂದಕ್ಕ ಚಾ ಸೋಸೂ ಜರಡಿನೂ ಬರೂದಿಲ್ಲರಿ ಅಮ್ಮಾರ. ಇಷ್ಟ ಉದ್ದಂದು, ಸಿಕ್ಕಿಲ್ಲದ್ದಾದ್ರ ಮುಚ್ಚಳದ್ದ ಬೋಗಾಣಿನ ಕೊಟ್ಟೇನು." ಬಾಗಿಲಿಗೆ ಬಂದವರೊಡನೆ ಆಡುವ ಮಾತು ಅದು. ಅಬೀದಾ ಕದಿರಿನ ತುದಿಯಿಂದ ಕಣ್ಣು ಎತ್ತಲಿಲ್ಲ.

ಶ್ರಾವಣದಲ್ಲಿ ಮನೆಗೆ ಹೊಸ ಸೌಟೊಂದು ಬಂತು. ಸಂತೆಯಲ್ಲಿ ತೆಗೆದುಕೊಂಡೆ ಎಂದಳು ಮೈಮುನಾ. ಅದರಿಂದಲೇ ಎಲ್ಲರಿಗೂ ಸಾರು ಬಡಿಸಿದಳು.

ತಿಂಗಳು ತುಂಬಿದ ದಿನ ರುಕ್ಸಾನಾ ಕತ್ತರಿಯನ್ನೂ ಹಣಿಗೆಯನ್ನೂ ಒಟ್ಟಿಗೆ ಹಿಡಿದು ಕಟ್ಟೆಗೆ ಬಂದಳು. ಮಗಳ ಹಿಂದೆ ಕುಳಿತು ಹಣಿಗೆಯನ್ನು ತುದಿಗೆ ಇಟ್ಟಳು. ಅಂಗೈಯಷ್ಟು ದೂರ ಹಣಿಗೆ ತಡೆಯಿಲ್ಲದೆ ಇಳಿಯಿತು. ಇನ್ನೂ ಮೇಲೆ ಇಟ್ಟಳು, ಅಲ್ಲಿಯೂ ಇಳಿಯಿತು. ಕತ್ತಿನ ಹತ್ತಿರ ನಿಂಬೆಹಣ್ಣಿನಷ್ಟು ಗಂಟು ಮಾತ್ರ ಉಳಿದಿತ್ತು. ಕತ್ತರಿಯನ್ನು ಮೊಳೆಗೆ ತೂಗುಹಾಕಿ, ಅತ್ತೆಗೆ ಬಿಸಿಬಿಸಿ ಮಿರ್ಚಿ ಕರಿದು ಕೊಟ್ಟಳು. ಅಂದು ಅಬೀದಾ ಕೈಯಿಂದಲೇ ತಿಂದಳು.

ಹದಿನೈದು ದಿನಕ್ಕೆಂದು ಬಂದವಳಿಗೆ ಎರಡು ತಿಂಗಳು ದಾಟಿತು. ಕೇಂದ್ರದಲ್ಲಿ ಅವಳ ರಾಟಿಯನ್ನು ಬೇರೆಯವಳಿಗೆ ಕೊಟ್ಟರೆಂದು ಗೌಸಮೊದ್ದೀನ ಫೋನು ಮಾಡಿ ಹೇಳಿದ. ಬರುತ್ತೀಯೋ ಇಲ್ಲವೋ ಎಂದು ಕೇಳಿದ. ಉರುಸು ಮುಗಿಸಿ ಬರುತ್ತೇನೆ ಎಂದಳು. ಸಾಲಿಯಲ್ಲಿ ಮಹೆಕಳನ್ನು ಬಾಗಿಲಿನಿಂದ ಎಬ್ಬಿಸಿ ಬೆಂಚಿನ ಮೇಲೆ ಕೂಡಿಸಿದ್ದರು. ಬೆಂಚಿಗೆ ಹೋದ ದಿನ ಹುಡುಗಿ ಬಂದು, ಅಲ್ಲಿ ಗಾಳಿ ಬರುವುದಿಲ್ಲ, ಆದರೂ ಚೆನ್ನಾಗಿದೆ ಎಂದಳು.

ಭಾದ್ರಪದದ ಕೊನೆಗೆ ಕಡೆಯ ಗಂಟೂ ಬಿಚ್ಚಿತು. ಅದರ ಕೆಳಗೆ ರೂಪಾಯಿಯಗಲ ಚರ್ಮ ಕೆಂಪಗೆ, ಎಳೆಯದಾಗಿ ಬಂದಿತ್ತು. ಆ ದಿನ ತಲೆಗೆ ಎರೆದು ಬಿಟ್ಟಾಗ ಕೂದಲು ತೊಡೆ ಮುಟ್ಟಿತು. ಒಣಗುತ್ತ ಒಣಗುತ್ತ ಸುರುಳಿಸುರುಳಿಯಾಗಿ ಸೊಂಟಕ್ಕೆ ಏರಿತು. ಮಹೆಕ ಕನ್ನಡಿಯ ಮುಂದೆ ನಿಂತು ಎಡಕ್ಕೆ ತಿರುಗಿ ನೋಡಿದಳು, ಬಲಕ್ಕೆ ತಿರುಗಿ ನೋಡಿದಳು. ಇದೆಲ್ಲ ನಂದೇನು ಎಂದು ಕೇಳಿದಳು. ಪೀರನದು ಎಂದಳು ಮೈಮುನಾ. ಇನ್ನು ಹನ್ನೆರಡು ದಿನ ನಿಂದೇ ಎಂದಳು ಅಬೀದಾ.

ಉರುಸು ಭಾನುವಾರ. ಅಂದು ನಸುಕಿನಲ್ಲಿ ಅಬೀದಾ ಹುಡುಗಿಗೆ ಎರಡು ಹೆರಳು ಹಾಕಿದಳು. ಕತ್ತರಿಸಿದ ಮೇಲೆ ಬಿಚ್ಚಿ ಚೆಲ್ಲಾಡಬಾರದೆಂದು ಎರಡಕ್ಕೂ ಬುಡದಲ್ಲಿಯೂ ತುದಿಯಲ್ಲಿಯೂ ತಾನೇ ತೆಗೆದ ಖಾದಿ ನೂಲನ್ನು ಏಳು ಸುತ್ತು ಸುತ್ತಿ ಬಿಗಿದಳು. ಆಟೋದಲ್ಲಿ ಜಾಗವಿರಲಿಲ್ಲ, ಧೂಳಿನಲ್ಲಿ ಕಣ್ಣಿಗೆ ತ್ರಾಸಾದೀತೆಂದು ಅವಳನ್ನು ಮನೆಯಲ್ಲೇ ಬಿಟ್ಟರು. ಸಂಜೆಗೆ ಮಗ, ಸೊಸೆ, ಮೊಮ್ಮಗಳು ತಿರುಗಿ ಬಂದರು. ಹುಡುಗಿಯ ತಲೆ ಗದ್ದೆ ಕೊಯ್ದಂತೆ ಆಗಿತ್ತು. ದರ್ಗಾದಲ್ಲಿ ಓದಿಸಿ ತಂದ ಸಕ್ಕರೆಯನ್ನು ಅವಳೇ ಎಲ್ಲರಿಗೂ ಹಂಚಿದಳು. ಹೆರಳುಗಳನ್ನು ಹಸಿರು ಬಟ್ಟೆಯಲ್ಲಿ ಸುತ್ತಿ ಮೈಮುನಾಳ ಉಡಿಗೆ ಹಾಕಿದ್ದರಂತೆ. ಅವಳು ಅಣ್ಣನ ಮನೆಯಲ್ಲಿ ಉಳಿದು, ಬೆಳಿಗ್ಗೆ ಕೆರೆಗೆ ಬಿಟ್ಟು ಬರುತ್ತಾಳೆ ಎಂದರು. ಸೋಮವಾರ ಮಧ್ಯಾಹ್ನ ಮೈಮುನಾ ಬಂದಳು. ಹೆರಳು ನೀರಿನ ಮೇಲೆ ಸ್ವಲ್ಪ ದೂರ ತೇಲಿ ಹೋಗಿ ಮುಳುಗಿದವು, ಪೀರ ಒಪ್ಪಿಕೊಂಡ ಎಂದು ಹೇಳಿ ಕಣ್ಣು ಒರೆಸಿಕೊಂಡಳು. ಅಬೀದಾಳ ಕಣ್ಣೂ ತುಂಬಿತು.

ಗುರುವಾರ ಸಂಜೆ ಅಡುಗೆಮನೆಯಲ್ಲಿ ಮುಚ್ಚಳದ ಹೊಸ ಬೋಗಾಣಿಯಿತ್ತು. ಹರಕೆ ತೀರಿದ ಖುಷಿಗೆ ಮಾರ್ಕೆಟ್ಟಿನಲ್ಲಿ ಕೊಂಡೆ ಎಂದಳು ಮೈಮುನಾ. ಶುಕ್ರವಾರ ಅದರಲ್ಲೇ ಬಗಾರ ಅನ್ನ ಮಾಡಿ ಮಟನ್ ಸಾರು ಕಾಯಿಸಿದಳು. ಎಲ್ಲರೂ ಉಂಡರು. ಅಬೀದಾ ಎರಡು ಸಲ ಹಾಕಿಸಿಕೊಂಡು ಉಂಡಳು.

ಶನಿವಾರ ಜುಲ್ಫಿಕಾರ ತಾಯಿಯನ್ನು ಕಣ್ಣಿನ ದವಾಖಾನೆಗೆ ತೋರಿಸಿಕೊಂಡು ಗ್ಯಾರೇಜಿಗೆ ಕರೆತಂದು, ಒಂದು ಸ್ಟೂಲು ಹಾಕಿ ಕೂಡಿಸಿದ. ಹೊರಗೆ ಹುಚ್ಚಪ್ಪನ ಮೊಪೆಡ್ಡು ನಿಂತಿತ್ತು, ಹಿಂದಿನ ಗಾಲಿ ಪಂಕ್ಚರಾಗಿತ್ತು. ಗಾಲಿ ಬಿಚ್ಚಲು ಅವನು ಚೀಲವನ್ನು ಇಳಿಸಿದ. ಒಳಗಿನ ಉದುರುಗೂದಲಿನ ಉಂಡೆಗಳ ವಾಸನೆ ಅಬೀದಾಳ ಮೂಗಿಗೆ ಬಡಿಯಿತು. ಆ ವಾಸನೆ ಅವಳಿಗೆ ಪರಿಚಯದ್ದು. ಉಂಡೆಗಳ ಮೇಲೆ ಬೇರೆಯಾಗಿ ಒಂದು ಪ್ಲಾಸ್ಟಿಕ್ಕಿನ ಹಾಳೆಯಲ್ಲಿ ಎರಡು ಹೆರಳು ಇದ್ದವು. ಬುಡಕ್ಕೂ ತುದಿಗೂ ಬಿಳಿ ನೂಲು.

ನೂಲನ್ನು ಅವಳು ಬೆರಳಿನಿಂದ ಮುಟ್ಟಿ ನೋಡಿದಳು. ತನ್ನ ಕೈಯ ನೂಲು ತನಗೆ ತಿಳಿಯದೆ ಇರುತ್ತದೆಯೇ. ಎಲ್ಲಿಯವು ಇವು ಎಂದು ಕೇಳಿದಳು.

"ನಿಮ್ಮ ಮನ್ಯಾವ ಅಲ್ಲೇನರಿ," ಎಂದ ಹುಚ್ಚಪ್ಪ, ಕೆಟ್ಟದ್ದೇನೂ ಅವನ ಮನಸ್ಸಿನಲ್ಲಿರಲಿಲ್ಲ. "ಗುರುವಾರ ಅಮ್ಮಾರು ಕೊಟ್ರು. ನಾ ಅಂದಂಗ ಬೋಗಾಣಿ ಕೊಟ್ಟೆ. ಶ್ರಾವಣದಾಗ ಹಸರು ಬಟ್ಟಿ ಗಂಟಿನ್ಯಾಗ ಹೊಂದಿಸಿಟ್ಟದ್ದು ಕೊಟ್ಟಿದ್ರು, ಅದಕ್ಕ ಸೌಟು. ಯಾರ ಬಿಡಿಸ್ಯಾರೋ ಏನೋ, ಒಂದ ಎಳಿನೂ ಸಿಕ್ಕಾಗಿಲ್ಲ ನೋಡ್ರಿ. ಹಿಂಥಾ ಮಾಲು ವರ್ಷಕ್ಕ ಒಂದು ಸಿಕ್ಕರ ದೊಡ್ಡದು."

ಜುಲ್ಫಿಕಾರ ನಟ್ಟು ಬಿಚ್ಚುವ ಪಾನಾ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದ. ಅಬೀದಾ ಹೆರಳುಗಳನ್ನು ತೊಡೆಯ ಮೇಲೆ ಎತ್ತಿಕೊಂಡಳು. ಆ ಗಡ್ಡೆ ಗಡ್ಡೆಯಾಗಿಯೇ ಇದ್ದಿದ್ದರೆ ಯಾರೂ ಮುಟ್ಟುತ್ತಿರಲಿಲ್ಲ, ಕೆರೆಗೇ ಹೋಗುತ್ತಿತ್ತು. ಎರಡೂವರೆ ತಿಂಗಳು ಹುಣ್ಣು, ಹೇನು, ಕೀವಿನೊಳಗೆ ಬೆರಳಾಡಿಸಿ ತಾನು ಅದಕ್ಕೆ ಬೆಲೆ ತಂದುಕೊಟ್ಟಿದ್ದಳು. ಆ ಬೆಲೆಯಲ್ಲಿ ಬೆಂದ ಅನ್ನವನ್ನು ಎರಡು ಸಲ ಹಾಕಿಸಿಕೊಂಡಿದ್ದಳು. ನಾಲ್ಕೂ ಕಡೆಯ ನೂಲನ್ನು ಬಿಚ್ಚಿಕೊಂಡಳು. ಹುಚ್ಚಪ್ಪ ನಕ್ಕು, ನೂಲು ಬೇಕಾದರೆ ಒಯ್ಯಿರಿ ಎಂದು ಹೆರಳುಗಳಿಗೆ ರಬ್ಬರು ಹಾಕಿದ. ಅಬೀದಾ ಎದ್ದು ಗಟಾರದ ಬದಿಗೆ ಹೋಗಿ ಕುಳಿತಳು. ನಿನ್ನೆಯ ಊಟ ಹೊಟ್ಟೆಯಲ್ಲಿ ಇರಲಿಲ್ಲ, ಆದರೂ ಬಹಳ ಹೊತ್ತು ಓಕರಿಕೆ ಬಂತು.

ರಾತ್ರಿ ಎಂಟಕ್ಕೆ ರುಕ್ಸಾನಾ ಪೀಜಿಯಿಂದ ಬಂದ ಮೇಲೆ ತಾಟು ಹಾಕಿದರು. ಬೋಗಾಣಿಯಲ್ಲಿ ಅನ್ನ, ಸೌಟಿನಲ್ಲಿ ಬೇಳೆ. ಅಬೀದಾ ತನ್ನ ತಾಟನ್ನು ಬೋರಲು ಹಾಕಿ, ಆ ನೂಲಿನ ತುಂಡುಗಳನ್ನು ಮೈಮುನಾಳ ತಾಟಿನ ಪಕ್ಕಕ್ಕೆ ಇಟ್ಟಳು.

"ಬೀಗತಿ, ಇವು ಕೆರ್ಯಾಗ ಇರಬೇಕಾಗಿತ್ತು."

ಮೈಮುನಾ ನೂಲು ನೋಡಿದಳು. ಅಳಿಯನ ಮುಖ ನೋಡಿದಳು. ಕೈಯಲ್ಲಿದ್ದ ರೊಟ್ಟಿಯನ್ನು ಮುರಿದಳು. "ಒಂದ ಎಳಿ ನೀರಿಗೆ ಬಿಟ್ಟೇನಿ. ಪೀರಗ ಒಂದ ಎಳಿ ಆದ್ರೂ ಅಷ್ಟ, ನೂರಾದ್ರೂ ಅಷ್ಟ. ಉಳದದ್ದು ಕೊಳತು ಹೋಗ್ತಿತ್ತು. ಮನಿಗೆ ಒಂದು ಭಾಂಡೆ ಆತು. ಏಳ ವರ್ಷ ಎಣ್ಣಿ ಹಾಕಿದಾಕಿ ನಾನು."

ರುಕ್ಸಾನಾಳಿಗೆ ಅರ್ಥವಾಗಲಿಲ್ಲ. ಜುಲ್ಫಿಕಾರ ಎರಡೇ ಮಾತಿನಲ್ಲಿ ಹೇಳಿದ, ಬೋಗಾಣಿ ಎಲ್ಲಿಯದು, ಸೌಟು ಎಲ್ಲಿಯದು ಎಂದು. ರುಕ್ಸಾನಾ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟಳು, ಏನೋ ಸತ್ತದ್ದನ್ನು ಇಡುವಂತೆ.

"ಒಂದ ಎಳಿ ಒಗೀಬಾರದಂತ ನನ್ನ ಮಗಳ ತಲ್ಯಾಗ ಹುಣ್ಣ ಬೀಳಿಸಿದಿ, ಅಮ್ಮಿ," ಎಂದಳು. ದನಿ ಏರಿಸಲಿಲ್ಲ. "ಇವರ ಎಂಜಲಾ ತಾಟಿನ್ಯಾಗಿಂದು ಸುದ್ದಾ ಸೆರಗಿಗೆ ಕಟಗೊಂಡಿ. ನಾ ಕತ್ರಿ ಹಿಡದಾಗ ನಿನ್ನ ಕೊಳ್ಳಿಗೆ ಬರ್ತೈತಿ ಅಂದಿ. ಆವಾಗ ಇರೂ ಪೀರ ಈಗ ಎಲ್ಲಿ ಹೋದಾ?"

ಹರಕೆ ತಾನು ಬೇಡಿಕೊಂಡದ್ದು, ತೀರಿಸಿದವಳೂ ತಾನೇ, ಮಗು ಬದುಕಿ ಮುಂದೆ ಕುಳಿತಿದೆ, ಇನ್ನೇನು ಬೇಕು ನಿಮಗೆ ಎಂದಳು ಮೈಮುನಾ. ತನ್ನ ಮನೆಯಲ್ಲಿ ತನ್ನನ್ನೇ ಕೇಳುವವರು ಬಂದರು ಎಂದೂ ಸೇರಿಸಿದಳು. ಆಮೇಲೆ ಮಾತನ್ನು ಹಗುರ ಮಾಡಬೇಕೆನಿಸಿತೋ ಏನೋ, ಮಹೆಕಳನ್ನು ಹತ್ತಿರ ಎಳೆದು ತಲೆ ಸವರಿದಳು. ಆಗ ತಾನೇ ಮೊಳೆಯುತ್ತಿದ್ದ ಕೂದಲನ್ನು ಎರಡು ಬೆರಳಿನಲ್ಲಿ ಹಿಡಿದು ಹಿಸುಕಿ ನೋಡಿದಳು, ಸಂತೆಯಲ್ಲಿ ಬದನೆಕಾಯಿ ಒತ್ತಿ ನೋಡಿದ ಹಾಗೆ.

"ಕೂದಲಾ ಏನು, ಮತ್ತ ಬೆಳೀತಾವ. ಈ ಸಲ ಸಿಕ್ಕ ಆಗಲಾರದಂಗ ಮದಲಿಂದ ನೋಡಿಕೊಂಡ್ರ ಆತು. ಬೀಗತಿಗೂ ಅಷ್ಟ ತ್ರಾಸ ಇಲ್ಲ."

ಮೇಲಿನ ಖೋಲಿಯಲ್ಲಿ ಯಾವನೋ ಹುಡುಗ ಗಟ್ಟಿಯಾಗಿ ಓದುವುದು ಕೇಳಿಸುತ್ತಿತ್ತು. ಮಹೆಕ ತನ್ನ ತಾಟಿನ ಅನ್ನವನ್ನು ಬೆರಳಿನಿಂದ ಕೆದಕಿ ನೋಡಿದಳು.

"ದಾದಿಮಾ, ಇದರಾಗ ನನ್ನ ಕೂದಲಾ ಐತೇನು?"

ಜುಲ್ಫಿಕಾರ ಎದ್ದು ಹೋಗಿ ಕೈ ತೊಳೆದುಕೊಂಡ. ತುತ್ತು ಮುಟ್ಟದ ಕೈಯನ್ನು ಸೋಪು ಹಚ್ಚಿ ಎರಡು ಸಲ ತೊಳೆದ. ಅಬೀದಾ ಹುಡುಗಿಯ ತಾಟನ್ನು ಮೆಲ್ಲಗೆ ಸರಿಸಿ, ಡಬ್ಬಿಯಲ್ಲಿದ್ದ ಚುರಮುರಿ ಕೊಟ್ಟಳು. ಮೈಮುನಾ ಒಬ್ಬಳೇ ಪೂರ್ತಿ ಊಟ ಮಾಡಿದಳು. ಉಂಡು, ಬೋಗಾಣಿಯಲ್ಲಿ ಉಳಿದ ಅನ್ನಕ್ಕೆ ಮುಚ್ಚಳ ಮುಚ್ಚಿದಳು.

ಭಾನುವಾರ ರುಕ್ಸಾನಾ ಬೇರೆ ಸಣ್ಣ ಪಾತ್ರೆಯಲ್ಲಿ ನಾಲ್ವರಿಗೆ ಅಡುಗೆ ಮಾಡಿದಳು. ಸೋಮವಾರವೂ ಹಾಗೆಯೇ. ತಾಯಿ ಮಗಳು ಒಂದೇ ಒಲೆಯ ಎದುರು ಒಬ್ಬರಿಗೊಬ್ಬರು ಬೆನ್ನು ಹಾಕಿ ಕೆಲಸ ಮಾಡಿದರು. ಜುಲ್ಫಿಕಾರ ಗ್ಯಾರೇಜಿನ ಆಸುಪಾಸಿನಲ್ಲಿ ಬಾಡಿಗೆ ಖೋಲಿ ಕೇಳುತ್ತ ತಿರುಗಿದ. ಸಪ್ತಾಪುರದಲ್ಲಿ ಹುಡುಗರಿಗೆ ಸಿಗುವ ಖೋಲಿ ಸಂಸಾರಕ್ಕೆ ಸಿಗುವುದು ಅಷ್ಟು ಸುಲಭವಲ್ಲ, ದಿನ ಹಿಡಿಯುತ್ತದೆ ಎಂದು ಬಂದು ಹೇಳಿದ. ಆ ರಾತ್ರಿ ರುಕ್ಸಾನಾ ಅತ್ತೆಯ ಚಾಪೆಯ ಹತ್ತಿರ ಬಂದು ಕುಳಿತಳು.

"ಖೋಲಿ ಸಿಗೂತನಕ ಇಕಿನ್ನ ಕರಕೊಂಡ ಹೋಗ್ರಿ, ಅತ್ತಿ. ನಾ ಐದಕ್ಕ ಕೆಲಸಕ್ಕ ಹೋದ್ರ ಇಕಿ ತಲಿ ಮತ್ತ ಅಮ್ಮಿ ಕೈಯಾಗ. ಉದ್ದ ಬಿಡಬ್ಯಾಡ್ರಿ. ಕಿವಿ ದಾಟಿದ ಕೂಡಲೆ ಕತ್ರಿಸಿಬಿಡ್ರಿ."

"ನಾ ಕತ್ರಿಸಾಕಿ ಅಲ್ಲವ್ವಾ," ಎಂದಳು ಅಬೀದಾ. "ಇಕಿನ್ನ ಕೇಳ್ತೇನಿ. ಬ್ಯಾಡಂದ್ರ ಬಿಡ್ತೇನಿ, ಬಿಟ್ರ ದಿನಾ ಬಾಚ್ತೇನಿ. ಉದುರಿದ್ದು ಕಸದಾಗ."

ಬೆಳಿಗ್ಗೆ ಕದಿರನ್ನು ಅರಿವೆಯಲ್ಲಿ ಸುತ್ತಿ ಚೀಲದ ತಳಕ್ಕೆ ಹಾಕಿಕೊಂಡಳು. ಹಣಿಗೆಯನ್ನು ಅಲ್ಲೇ ಬಿಟ್ಟಳು. ಎಡಗಣ್ಣಿನ ಆಪರೇಶನ್ನು ಮುಂದಿನ ವಾರ ಇತ್ತು, ಅದರ ಚೀಟಿಯನ್ನು ಮಗನ ಕೈಗೆ ಕೊಟ್ಟು, ಆಮೇಲೆ ನೋಡೋಣ ಎಂದಳು. ಮೈಮುನಾ ಹಿತ್ತಲ ಕಟ್ಟೆಯ ಮೇಲೆ ಕುಳಿತು ಬೋಗಾಣಿ ತಿಕ್ಕುತ್ತಿದ್ದಳು. ಹೊರಟವರನ್ನು ನೋಡಿ, ಹುಡುಗಿಗೆ ದಿನಾ ಎಣ್ಣೆ ಹಚ್ಚಬೇಕು ಎಂದಷ್ಟೇ ಹೇಳಿದಳು. ಹೇಳುವಾಗ ದನಿ ನಡುಗಿತು, ಅದು ಸುಳ್ಳು ನಡುಕವಲ್ಲ. ಅಬೀದಾ ಅದನ್ನು ಗುರುತಿಸಿದಳು, ಗುರುತಿಸಿಯೂ ತಿರುಗಿ ನೋಡಲಿಲ್ಲ. ಮಹೆಕ ಮೈಮುನಾಳಿಗೆ ಕೈ ಬೀಸಿದಳು.

ಗರಗದ ಬಸ್ಸು ಹನ್ನೊಂದಕ್ಕೆ ಬಂತು. ಜುಲ್ಫಿಕಾರ ಕಿಟಕಿಯಿಂದ ಸಾಲಿಯ ಚೀಲ ಒಳಗೆ ಕೊಟ್ಟ, ದಸರಾ ರಜೆಗೆ ಚೀಲ ಯಾಕೆಂದು ಹುಡುಗಿ ಕೇಳಲಿಲ್ಲ. ರಜೆ ಮುಗಿದ ಮೇಲೆ ಸಾಲಿಯಿಂದ ಅವಳ ಕಾಗದಪತ್ರಗಳೂ ಗರಗಕ್ಕೆ ಹೋದವು. ಅಬೀದಾ ಮತ್ತು ಮಹೆಕ ಸಪ್ತಾಪುರದ ಆ ಮನೆ ಬಿಟ್ಟು ಹೋದದ್ದು ಉರುಸಾದ ಒಂಬತ್ತನೆಯ ದಿನ, ಮಂಗಳವಾರ.